ಬ್ರಹ್ಮದಂಡೆ: ಒಂದು ಹೆಸರು, ಎರಡು ಗಿಡ

ಮುಳ್ಳಿಗೂ ನಮ್ಮ ಬಳ್ಳಾರಿಗೂ ಹಳೆಯ ನಂಟು. ಕರ್ನಾಟಕದ ಬೇರೆ ಜಿಲ್ಲೆಗಳಿಗೆ ಹೋದಾಗ ಕೆರೆಯಂಗಳದಲ್ಲಿ, ರೈಲು ಹಳಿಯ ಪಕ್ಕದಲ್ಲಿ ಒತ್ತಾಗಿ ಬೆಳೆದ ಮುಳ್ಳುಮರವನ್ನು ತೋರಿಸಿ 'ಇದು ಬಳ್ಳಾರಿ ಜಾಲಿ' ಎನ್ನುತ್ತಾರೆ. ಆ ಮರ ನಮ್ಮೂರಿನದೇನೂ ಅಲ್ಲ. ಅದು ಅಮೆರಿಕ ಖಂಡದಿಂದ ಬಂದದ್ದು. 19ನೇ ಶತಮಾನದ ಉತ್ತರಾರ್ಧದಲ್ಲಿ ಉರುವಲಿಗೆಂದು, ಬರಡು ನೆಲ ಹಸಿರಾಗಲೆಂದು ಬ್ರಿಟಿಷರ ಕಾಲದಲ್ಲಿ ತಂದು ಹಾಕಿದ್ದು. ಆದರೂ ನಮ್ಮೂರಿನ ಹೆಸರು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡುಬಿಟ್ಟಿದೆ.

ಇದಕ್ಕೆ ತಿರುಗುಮುರುಗಾದ ಕಥೆ ಇನ್ನೊಂದು ಮುಳ್ಳಿನ ಗಿಡದ್ದು. ಅದು ಈ ನೆಲದಲ್ಲೇ ಹುಟ್ಟಿದ್ದು, ಎರೆ ಹೊಲದ ಬದುವಿನಲ್ಲಿ, ಗರಸು ದಿಬ್ಬದಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವಂಥದ್ದು. ಈಗ ಅದರ ಹೆಸರು ಹೇಳಿದರೆ ಹತ್ತು ಜನರಲ್ಲಿ ಐದು ಜನ ಬೇರೊಂದು ಗಿಡ ತೋರಿಸುತ್ತಾರೆ. ಆ ಇನ್ನೊಂದು ಗಿಡ ವಿಷ. ನಾನು ಹೇಳುತ್ತಿರುವುದು ಬ್ರಹ್ಮದಂಡೆಯ ವಿಷಯ. ಕೆಲವು ವರ್ಷಗಳಿಂದ ಬಳ್ಳಾರಿಯ ನಮ್ಮ ಮನೆಯಂಗಳದಲ್ಲಿ ಅದನ್ನು ಬೆಳೆಸುತ್ತಿದ್ದೇನೆ. ಹೂಬಳ್ಳಿ, ಗುಲಾಬಿ ಬೆಳೆಸಿದವರನ್ನು ಯಾರೂ 'ಯಾಕೆ' ಎಂದು ಕೇಳುವುದಿಲ್ಲ. ಮುಳ್ಳು ಬೆಳೆಸಿದವರು ಮಾತ್ರ ಉತ್ತರ ಕೊಡಬೇಕಾಗುತ್ತದೆ. ಈ ಬರಹವನ್ನು ಆ ಉತ್ತರವೆಂದೇ ತಿಳಿಯಬಹುದು.

ಮೊದಲು ಗಿಡದ ಪರಿಚಯ. ಬ್ರಹ್ಮದಂಡೆ ಮೊಣಕಾಲಿನಿಂದ ಸೊಂಟದವರೆಗೆ ಎತ್ತರ ಬೆಳೆಯುತ್ತದೆ. ಕಾಂಡದ ಮೇಲೆ ಹತ್ತಿಯ ಎಳೆ ಸುತ್ತಿದಂತೆ ಬಿಳಿಯ ನವಿರು. ಎಲೆಗಳು ಗರಗಸದಂತೆ ಆಳವಾಗಿ ಸೀಳಿಕೊಂಡು ತುದಿತುದಿಗೂ ಮುಳ್ಳು ಹೊತ್ತಿರುತ್ತವೆ. ಎಲೆಯನ್ನು ಮಗುಚಿ ನೋಡಿದರೆ ಅಡಿಭಾಗ ಬೆಳ್ಳಗೆ, ಮೆತ್ತಗೆ. ಕೊಂಬೆಯ ತುದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಮುಳ್ಳಿನ ಚೆಂಡು. ಚಳಿಗಾಲ ಕಾಲಿಟ್ಟ ಮೇಲೆ ಆ ಚೆಂಡಿನ ತುಂಬ ಬಿಳಿಗೆ ತುಸು ನೀಲಿ ಬೆರೆಸಿದ ಬಣ್ಣದ ಪುಟ್ಟ ಹೂಗಳು ಅರಳುತ್ತವೆ. ದೂರದಿಂದ ನೋಡಿದರೆ ಯಾರೋ ಮಕ್ಕಳು ಉಣ್ಣೆಯ ಚೆಂಡುಗಳನ್ನು ಕಡ್ಡಿಗೆ ಸಿಕ್ಕಿಸಿ ನಿಲ್ಲಿಸಿದಂತೆ ಕಾಣುತ್ತದೆ.

ಕುರುಗೋಡಿನಲ್ಲಿ ನನ್ನ ನಾನಿಯ ಮನೆಯಿತ್ತು. ಬಳ್ಳಾರಿಯಿಂದ ಮೂವತ್ತು ಕಿಲೋಮೀಟರಿನೊಳಗಿನ ಊರು. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು, ಗುಡ್ಡದ ಬುಡದಲ್ಲಿ ಮಸಾರಿ, ಸ್ವಲ್ಪ ಆಚೆಗೆ ಎರೆ. ದೊಡ್ಡಬಸವೇಶ್ವರನ ಜಾತ್ರೆಗೆ ಹೆಸರಾದ ಆ ಊರಿನಲ್ಲಿ ನಮ್ಮ ರಜೆಗಳೆಲ್ಲ ಹೊಲದಲ್ಲೇ ಕಳೆಯುತ್ತಿದ್ದವು. ಜೋಳದ ಹೊಲದ ಸುತ್ತ ಆಗ ಕುಸುಬೆ ಬಿತ್ತುತ್ತಿದ್ದರು. ಕುಸುಬೆ ಬಲಿತಂತೆ ಅದರ ಎಲೆಯಂಚು ಮುಳ್ಳಾಗುತ್ತದೆ; ದನಕರು ಅದನ್ನು ದಾಟಿ ಒಳಗೆ ಬಾಯಿ ಹಾಕುವುದಿಲ್ಲ. ಬೇಲಿಗೆ ಬೇಲಿ, ಎಳೆಯದಿದ್ದಾಗ ಸೊಪ್ಪಿಗೆ ಸೊಪ್ಪು, ಕೊನೆಗೆ ಎಣ್ಣೆಗೆ ಎಣ್ಣೆ. ಕುಸುಬೆ ಸಾಲಿನಾಚೆ, ಉಳುಮೆಗೆ ಸಿಗದ ಬದುವಿನ ಮೇಲೆ ಬ್ರಹ್ಮದಂಡೆ ತಾನೇ ತಾನಾಗಿ ಬೆಳೆದಿರುತ್ತಿತ್ತು. ಇವೆರಡೂ ದಾಯಾದಿಗಳು ಎಂಬುದು ನನಗೆ ಗೊತ್ತಾದದ್ದು ಮುಂದೆ ವಿಜ್ಞಾನ ಓದಿದಾಗ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳೂ ಅದೇ ದೊಡ್ಡ ಕುಟುಂಬಕ್ಕೆ ಸೇರಿದವು.

ನಾನಿ ಅದನ್ನು 'ಊಂಟ್‌ಕಟಾರಾ' ಎನ್ನುತ್ತಿದ್ದರು. ಊಂಟ್ ಎಂದರೆ ಒಂಟೆ. ಹೊಲದಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸರು 'ಬ್ರಹ್ಮದಂಡಿ' ಎನ್ನುತ್ತಿದ್ದರು. ಒಂಟೆಯೇ ಇಲ್ಲದ ಕುರುಗೋಡಿನಲ್ಲಿ ಒಂಟೆಯ ಹೆಸರು ಹೇಗೆ ಬಂತೆಂದು ನಾನು ಬಾಲ್ಯದಲ್ಲಿ ಕೇಳಿದ್ದುಂಟು. "ಅದರ ಬಾಯಿಗೆ ಮುಳ್ಳು ಚುಚ್ಚೂದಿಲ್ಲ ಬೇಟಾ, ಅದಕ್ಕೇ ಅದು ತಿಂತೈತಿ" ಎಂದಿದ್ದರು ನಾನಿ. ಬಹಳ ವರ್ಷಗಳ ಮೇಲೆ ಆಯುರ್ವೇದದ ಪುಸ್ತಕವೊಂದನ್ನು ತಿರುವಿಹಾಕುವಾಗ ಇದೇ ಗಿಡಕ್ಕೆ ಸಂಸ್ಕೃತದಲ್ಲಿ 'ಉಷ್ಟ್ರಕಂಟಕ' ಎಂಬ ಹೆಸರಿರುವುದು ಕಂಡಿತು. ಉಷ್ಟ್ರ ಎಂದರೂ ಒಂಟೆಯೇ! ನಾನಿಗೆ ಸಂಸ್ಕೃತ ಬರುತ್ತಿರಲಿಲ್ಲ. ಆ ಪುಸ್ತಕ ಬರೆದವರಿಗೆ ನಾನಿಯ ದಖನಿ ಗೊತ್ತಿರಲಿಕ್ಕಿಲ್ಲ. ಇಬ್ಬರ ಮಾತಿನಲ್ಲೂ ಒಂದೇ ಪ್ರಾಣಿ ಬಂದು ನಿಂತಿತ್ತು. ಗಿಡವನ್ನು ಕಣ್ಣಾರೆ ಕಂಡು ಹೆಸರಿಟ್ಟವರ ಮಾತು ಬೇರೆ ಬೇರೆ ಭಾಷೆಯಲ್ಲೂ ಹೀಗೆ ಹೊಂದಿಕೊಳ್ಳುತ್ತದೆ.

ವಿಜ್ಞಾನದ ಹೆಸರಿನಲ್ಲೂ ಪ್ರಾಣಿಯೇ ಇದೆ. ಎಕಿನಾಪ್ಸ್ ಎಂಬ ಕುಲನಾಮವನ್ನು ಸ್ವೀಡನ್ನಿನ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಬಳಸಿದ್ದಾನೆ. ಮೈಮೇಲೆ ಮುಳ್ಳು ನಿಮಿರಿಸಿ ಉಂಡೆಯಾಗುವ ಪುಟ್ಟ ಪ್ರಾಣಿಯಂತೆ ಕಾಣುವುದು ಎಂದು ಅದರ ಗ್ರೀಕ್ ಅರ್ಥ. ಈ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಬದುವಿನ ಗಿಡಕ್ಕೆ ಎಕಿನಾಪ್ಸ್ ಎಕಿನೇಟಸ್ ಎಂದು ಹೆಸರಿಟ್ಟವರು ವಿಲಿಯಂ ರಾಕ್ಸ್‌ಬರ್ಗ್. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದ್ರಾಸಿಗೆ ಬಂದು, ಇಂದಿನ ಆಂಧ್ರದ ಸಾಮಲಕೋಟದಲ್ಲಿ ತೋಟ ಮಾಡಿ, 1793ರಲ್ಲಿ ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾದವರು. ಅವರ ತಾಯ್ನಾಡು ಸ್ಕಾಟ್ಲೆಂಡಿಗೆ ಇಂಥದೇ ಮುಳ್ಳುಹೂ ರಾಷ್ಟ್ರಲಾಂಛನ. ಅಲ್ಲಿ ನಾಣ್ಯದ ಮೇಲೆ ಮುದ್ರೆಯಾದ ಹೂವಿನ ಬಂಧು ಇಲ್ಲಿ ಕಳೆಯೆಂದು ಕುಡುಗೋಲಿಗೆ ಸಿಗುತ್ತದೆ.

ಪಾಠ ಮಾಡುವ ಕಾಲದಲ್ಲಿ ಮಕ್ಕಳಿಗೆ ನಾನು ಈ ಚೆಂಡನ್ನು ಬಿಡಿಸಿ ತೋರಿಸುತ್ತಿದ್ದೆ. ಸೂರ್ಯಕಾಂತಿ ಒಂದೇ ಹೂವಿನಂತೆ ಕಂಡರೂ ಅದು ನೂರಾರು ಸಣ್ಣ ಹೂಗಳ ಗುಂಪು ಎಂಬುದು ಪಠ್ಯದಲ್ಲಿದೆ. ಆ ಗುಂಪಿಗೆಲ್ಲ ಸೇರಿ ಹೊರಗೊಂದು ಹಸಿರು ಎಸಳಿನ ಗೋಡೆ. ಬ್ರಹ್ಮದಂಡೆಯಲ್ಲಿ ಹಾಗಲ್ಲ. ಚೆಂಡಿನಲ್ಲಿರುವ ಒಂದೊಂದು ಪುಟ್ಟ ಹೂವಿಗೂ ಅದರದೇ ಗೋಡೆ, ಅದರದೇ ಮುಳ್ಳು. ಇಂಥ ಒಂಟಿ ಮನೆಗಳು ನೂರಾರು ಸೇರಿ ಒಂದು ಊರಾದಂತೆ ಈ ಚೆಂಡು. ಸೂರ್ಯಕಾಂತಿ ಅಂಚಿನಿಂದ ನಡುವಿಗೆ ಅರಳುತ್ತ ಬರುತ್ತದೆ. ಬ್ರಹ್ಮದಂಡೆ ನೆತ್ತಿಯಿಂದ ಕೆಳಕ್ಕೆ ಅರಳುತ್ತ ಇಳಿಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮಗು ಆ ಪಾಠವನ್ನು ಮರೆಯುವುದಿಲ್ಲ.

ಹೀಗೆ ಪಾಠಕ್ಕೆ ಬೇಕಾದಾಗ ಬದುವಿನಿಂದ ಕಿತ್ತು ತರುತ್ತಿದ್ದ ಗಿಡವನ್ನು ಮನೆಯಂಗಳಕ್ಕೆ ತರಲೇಬೇಕೆನಿಸಿದ್ದಕ್ಕೆ ಒಂದು ಕಾರಣವಿದೆ.

ಬಳ್ಳಾರಿಯ ನಮ್ಮ ಬೀದಿಯಲ್ಲಿ ಮೂರು ಮನೆ ಆಚೆ ಒಬ್ಬ ವಯಸ್ಸಾದ ತಾಯಿ ಇದ್ದಾರೆ. ಒಂದು ಚಳಿಗಾಲ ಅವರಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಯಾರೋ 'ಬ್ರಹ್ಮದಂಡಿ ಬೇರಿನ ಕಷಾಯ ಕುಡಿದರೆ ಕಫ ಕರಗುತ್ತದೆ' ಎಂದಿದ್ದಾರೆ. ಮೊಮ್ಮಗ ಲಾರಿ ಓಡಿಸುವ ಹುಡುಗ. ಆದೋನಿ ಕಡೆಗೆ ಹೋದಾಗ ದಾರಿಯ ಪಕ್ಕ ಕೇಳಿ ಕೇಳಿ ಒಂದು ಗಿಡ ಕಿತ್ತು ತಂದಿದ್ದಾನೆ. ಬೇರು ತೊಳೆದು ಜಜ್ಜುವ ಮುಂಚೆ ಅವ್ವ ನನ್ನನ್ನು ಕರೆದರು. "ಟೀಚರಮ್ಮಾ, ಎಷ್ಟು ನೀರಿಗೆ ಎಷ್ಟು ಹಾಕ್ಬೇಕು, ನಿಮಗ ಗೊತ್ತೈತೇನ್ರಿ?"

ಗಿಡ ನೋಡಿದೆ. ಎಲೆಯಲ್ಲಿ ಮುಳ್ಳಿತ್ತು, ನಿಜ. ಆದರೆ ಎಲೆಯ ಮೇಲೆ ಬಿಳಿ ನರಗಳು ಎದ್ದು ಕಾಣುತ್ತಿದ್ದವು. ತುದಿಯಲ್ಲಿ ಬಾಡಿದ ಹಳದಿ ಹೂ. ಕಾಂಡ ಮುರಿದೆ, ಅರಿಶಿನ ಕಲಸಿದಂಥ ಹಳದಿ ಹಾಲು ಒಸರಿತು. "ಅವ್ವಾ, ಇದು ಬ್ರಹ್ಮದಂಡಿ ಅಲ್ಲ, ದತ್ತೂರಿ. ಇದನ್ನ ಒಲಿ ಮ್ಯಾಲ ಇಡಬ್ಯಾಡ್ರಿ" ಎಂದೆ. ಹುಡುಗ ಒಪ್ಪಲಿಲ್ಲ. "ಅಲ್ರಿ ಮೇಡಂ, ಅಲ್ಲೆ ಎಲ್ಲಾರೂ ಇದನ್ನ ಬ್ರಹ್ಮದಂಡಿ ಅಂತಾರ" ಎಂದ. ಮೊಬೈಲ್ ತೆಗೆದು ಹುಡುಕಿ ಚಿತ್ರವನ್ನೂ ತೋರಿಸಿದ. ಅವನು ಹೇಳಿದ್ದು ಸುಳ್ಳಲ್ಲ. ತೆಲುಗಿನಲ್ಲಿ ಬ್ರಹ್ಮದಂಡಿ ಎಂದರೆ ಈ ಹಳದಿ ಹೂವಿನ ಗಿಡವೇ.

ನಮ್ಮ ಸೀಮೆಯ ಚರಿತ್ರೆ ಗೊತ್ತಿದ್ದವರಿಗೆ ಈ ತೊಡಕು ಆಶ್ಚರ್ಯ ತರುವುದಿಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಅಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಕಾಶೆಯಲ್ಲಿ ಗೆರೆ ಎಳೆಯಬಹುದು. ಸಂತೆಗೆ, ಸಂಬಂಧಕ್ಕೆ, ಮಾತಿಗೆ ಗೆರೆ ಎಳೆಯಲಾಗುವುದಿಲ್ಲ. ಒಂದೇ ಮನೆಯಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಆಡುವ ಜನ ನಾವು. ಅದು ನಮ್ಮ ಸಿರಿತನವೂ ಹೌದು. ಆದರೆ ಒಂದೇ ಹೆಸರು ಈ ಕಡೆ ಒಂದು ಗಿಡಕ್ಕೆ, ಆ ಕಡೆ ಇನ್ನೊಂದು ಗಿಡಕ್ಕೆ ನಿಂತಾಗ ಎಚ್ಚರ ಬೇಕಾಗುತ್ತದೆ.

ದತ್ತೂರಿ ಅಥವಾ ಅರಿಶಿನ ಉಮ್ಮತ್ತ ಎಂದು ನಾವು ಕರೆಯುವ ಈ ಗಿಡದ ಬೀಜ ಸಾಸಿವೆಯಂತೆಯೇ ಕಪ್ಪಗೆ, ಉರುಟಾಗಿರುತ್ತದೆ. ಅದರ ಎಣ್ಣೆ ಅಡುಗೆಯ ಎಣ್ಣೆಯಲ್ಲಿ ಬೆರೆತರೆ ಕಾಲು ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಹೃದಯ ಸೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದು ಬೆರೆತು ಸಾವಿರಾರು ಜನ ಹಾಸಿಗೆ ಹಿಡಿದರು. 60ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಆ ಸುದ್ದಿಯನ್ನು ಆಗ ಪತ್ರಿಕೆಯಲ್ಲಿ ಓದಿದ್ದವರಿಗೆ ನೆನಪಿರಬಹುದು. ಅದರ ಬೇರನ್ನು ಬಟ್ಟಲಿನಲ್ಲಿ ಕುದಿಸಿ ಎಪ್ಪತ್ತು ದಾಟಿದ ತಾಯಿಗೆ ಕುಡಿಸುವುದನ್ನು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಅವ್ವನನ್ನು ಅಂದೇ ಸಂಜೆ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಹದಿನೈದು ದಿನದ ಮಾತ್ರೆಯಲ್ಲಿ ಕೆಮ್ಮು ಇಳಿಯಿತು.

ಆದರೆ ಒಂದು ಮಾತು ನನ್ನನ್ನು ಬಿಡಲಿಲ್ಲ. ಹುಡುಗ ಕೇಳಿದ್ದ: "ಹಂಗಾದ್ರ ಖರೇ ಬ್ರಹ್ಮದಂಡಿ ಹೆಂಗಿರ್ತೈತಿ, ತೋರಸ್ರಿ." ತೋರಿಸಲು ನಮ್ಮ ಬಡಾವಣೆಯಲ್ಲಿ ಒಂದು ಗಿಡವೂ ಇರಲಿಲ್ಲ. ಅಜ್ಜಿಯರ ಕಾಲದಲ್ಲಿ ಈ ಗೊಂದಲ ಹುಟ್ಟುತ್ತಿರಲಿಲ್ಲ. ಎರಡೂ ಗಿಡ ಕಣ್ಣ ಮುಂದಿದ್ದವು. ಹೆಸರು ಒಂದೇ ಆದರೂ ಕೈ ತಪ್ಪುತ್ತಿರಲಿಲ್ಲ. ಈಗ ಒಂದು ಗಿಡ ಕಣ್ಮರೆಯಾಗಿ ಅದರ ಹೆಸರು ಮಾತ್ರ ಉಳಿದಿದೆ. ಖಾಲಿಯಾದ ಹೆಸರಿನೊಳಗೆ ದಾರಿಬದಿಯಲ್ಲಿ ಯಥೇಚ್ಛ ಸಿಗುವ ಇನ್ನೊಂದು ಗಿಡ ಬಂದು ಕೂತಿದೆ. ಗಿಡ ಹೋಗಿ ಹೆಸರು ಉಳಿಯುವುದು ಎಷ್ಟು ಅಪಾಯ ಎಂಬುದು ನನಗೆ ಅಂದು ತಿಳಿಯಿತು. ಆ ವರ್ಷವೇ ಬೀಜ ಹುಡುಕಲು ಹೊರಟೆ.

ಬೀಜ ಸಿಕ್ಕಿದ್ದು ಕುರುಗೋಡಿನಲ್ಲಿ, ಅದೂ ಸುಲಭವಾಗಿ ಅಲ್ಲ. ನಾನಿಯ ಕಾಲದ ಅಗಲ ಬದುಗಳು ಈಗಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಬದು ಸವೆದು ಗೆರೆಯಾಗಿದೆ. ಉಳಿದ ಗೆರೆಗೂ ಕಳೆನಾಶಕ ಹೊಡೆಯುತ್ತಾರೆ. ಊರಂಚಿನ ದಿಬ್ಬಗಳು ನಿವೇಶನಗಳಾಗಿವೆ. ಕುಸುಬೆಯ ಬೇಲಿ ಕಾಣುವುದೇ ಅಪರೂಪ. ಕೊನೆಗೆ ಗುಡ್ಡದ ಬುಡದಲ್ಲಿ, ಕುರಿಗಾರರು ಮಾತ್ರ ಓಡಾಡುವ ಒಂದು ಗರಸು ಜಾಗದಲ್ಲಿ ಏಳೆಂಟು ಒಣಗಿದ ಗಿಡಗಳು ನಿಂತಿದ್ದವು. ಫೆಬ್ರುವರಿ ಮುಗಿಯುತ್ತಿತ್ತು. ಚೆಂಡು ಪೂರ್ತಿ ಒಣಗಿ ಇನ್ನೇನು ಉದುರುವ ಹದ. ಬಟ್ಟೆಯ ಚೀಲವನ್ನು ಚೆಂಡಿನ ಮೇಲೆ ಹೊದಿಸಿ, ಕೆಳಗೆ ಕತ್ತರಿಸಿ ಮೂರು ಚೆಂಡು ತಂದೆ. ಉಳಿದವನ್ನು ಅಲ್ಲಿಯೇ ಬಿಟ್ಟೆ. ಸಿಕ್ಕಿದ್ದೆಲ್ಲ ಬಾಚಿಕೊಂಡರೆ ಆ ಜಾಗದಲ್ಲಿ ಮುಂದಿನ ವರ್ಷಕ್ಕೆ ಏನೂ ಇರುವುದಿಲ್ಲ.

ಈ ಗಿಡ ಬೆಳೆಸುವ ಕ್ರಮವನ್ನು ಆಸಕ್ತರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೀಜವನ್ನು ಚೆಂಡಿನಿಂದ ಬಿಡಿಸುವಾಗಲೇ ಕೈಗೆ ಚುಚ್ಚುತ್ತದೆ. ಒಂದೊಂದು ಬೀಜವೂ ತನ್ನ ಮುಳ್ಳಿನ ಕವಚದೊಳಗೇ ಇರುತ್ತದೆ. ಬಳ್ಳಾರಿಯವರಿಗೆ ಇದಕ್ಕೊಂದು ಒಳ್ಳೆಯ ಉಪಾಯವಿದೆ. ನಮ್ಮೂರಿನ ಗಲ್ಲಿಗಲ್ಲಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ಅಲ್ಲಿ ಬಿಸಾಡುವ ದಪ್ಪ ಜೀನ್ಸ್ ತುಂಡುಗಳನ್ನು ಎರಡು ಪದರ ಮಾಡಿ ಪಕ್ಕದ ಮನೆಯ ದರ್ಜಿ ಒಂದು ಜೊತೆ ಕೈಗವಸು ಹೊಲಿದುಕೊಟ್ಟರು. ಈಗಲೂ ಅದೇ ನಡೆಯುತ್ತಿದೆ.

ಜೂನ್ ಕೊನೆಯಲ್ಲಿ, ಒಂದೆರಡು ಹದ ಮಳೆ ಬಿದ್ದ ಮೇಲೆ ಬೀಜವನ್ನು ನೇರವಾಗಿ ನೆಲಕ್ಕೆ ಹಾಕಬೇಕು. ಬೆರಳಿನ ಅರ್ಧ ಗೆಣ್ಣಿನಷ್ಟು ಆಳ ಸಾಕು. ಸಸಿಮಡಿ ಮಾಡಿ ಕಿತ್ತು ನೆಡುವ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ. ಇದರ ತಾಯಿಬೇರು ಎಳೆಯದರಲ್ಲೇ ಆಳಕ್ಕೆ ಇಳಿದುಬಿಡುತ್ತದೆ. ಕಿತ್ತರೆ ಬೇರು ತುಂಡಾಗುತ್ತದೆ, ಗಿಡ ಸೊರಗುತ್ತದೆ. ಕುಂಡದಲ್ಲೇ ಬೆಳೆಸಬೇಕೆಂದರೆ ಆಳವಾದ ಡಬ್ಬಿ ಬೇಕು, ಅಡಿಯಲ್ಲಿ ನೀರು ಸರಾಗವಾಗಿ ಇಳಿದುಹೋಗುವ ತೂತು ಬೇಕು. ದಿನವಿಡೀ ಬಿಸಿಲು ಬೀಳುವ ಜಾಗವೇ ಆಗಬೇಕು. ನೆರಳಲ್ಲಿ ಬೆಳೆದರೆ ಕಾಂಡ ಸೊಟ್ಟಗಾಗಿ ಚೆಂಡಿನ ಭಾರಕ್ಕೆ ನೆಲಕ್ಕೆ ವಾಲುತ್ತದೆ.

ಮಣ್ಣಿಗೆ ಗೊಬ್ಬರ ಬೇಡ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಗರಸು, ಮರಳು ಬೆರೆತ ಮೂಲೆಯಲ್ಲೇ ನಾನು ಹಾಕಿದ್ದು. ಗುಲಾಬಿ ಸೊರಗಿ ಸತ್ತಿದ್ದ ಜಾಗವದು. ಗೊಬ್ಬರ ಹೆಚ್ಚಾದ ನೆಲದಲ್ಲಿ ಎಲೆ ಉಬ್ಬುತ್ತದೆ, ಹೂ ಕಡಿಮೆಯಾಗುತ್ತದೆ. ನೀರು ಕೂಡ ಹಾಗೆಯೇ. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಈ ಗಿಡಕ್ಕೆ ಅಷ್ಟೇ ಸಾಕಾಗುತ್ತದೆ. ಮೊಳಕೆ ಬಂದ ಮೊದಲ ತಿಂಗಳು ಮಳೆ ಕೈಕೊಟ್ಟರೆ ವಾರಕ್ಕೊಮ್ಮೆ ಒಂದು ಚೊಂಬು ನೀರು. ಆಮೇಲೆ ಅದರ ಪಾಡಿಗೆ ಅದು. ನಲ್ಲಿಗೆ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಬೀದಿಯಲ್ಲಿ ಇಂಥ ಗಿಡವೊಂದು ಅಂಗಳದಲ್ಲಿರುವುದು ಮನಸ್ಸಿಗೆ ಎಷ್ಟು ಹಗುರ ಎನ್ನುವುದು ಕೊಡ ಹೊತ್ತವರಿಗೆ ಗೊತ್ತು.

ಅದೇ ಬೀಜದಲ್ಲಿ ಒಂದು ಹಿಡಿಯನ್ನು ಸಿರುಗುಪ್ಪದಲ್ಲಿರುವ ನನ್ನ ಆಪಾ ತೆಗೆದುಕೊಂಡು ಹೋಗಿದ್ದರು. ಬಳ್ಳಾರಿಯಿಂದ ಐವತ್ತೈದು ಕಿಲೋಮೀಟರ್ ದೂರದ ಆ ಊರು ಬೇರೆಯೇ ಲೋಕ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಜೋಳ ಉಣ್ಣುತ್ತಿದ್ದ ಸೀಮೆ ಅನ್ನ ಉಣ್ಣಲು ಕಲಿತದ್ದು ಆ ನೀರಿನಿಂದ. ಆಪಾ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಗದ್ದೆ. ಎರೆ ಮಣ್ಣು ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಅಲ್ಲಿ ಬೀಜ ಮೊಳೆಯಿತು, ನಾಲ್ಕು ಎಲೆ ಬಂತು, ಗದ್ದೆಗೆ ನೀರು ಕಟ್ಟಿದ ಮೇಲೆ ಬೇರು ಕೊಳೆತು ಒಂದೊಂದಾಗಿ ಮಲಗಿದವು. ಮರುವರ್ಷ ಅವರು ಹಿತ್ತಲಿನಲ್ಲಿ ಕಲ್ಲು ಜೋಡಿಸಿ ಮೊಣಕಾಲೆತ್ತರದ ಕಟ್ಟೆ ಮಾಡಿ, ಅದರೊಳಗೆ ಹಗರಿ ಹೊಳೆಯ ಮರಳು, ಗರಸು ತುಂಬಿ ಹಾಕಿದರು. ಆ ವರ್ಷ ಹೂ ಬಂತು. "ಎಲ್ಲರೂ ನೀರಿಗಾಗಿ ಹೊಡೆದಾಡ್ತಾರೆ, ನಿನ್ನ ಗಿಡಕ್ಕೆ ನೀರಿನಿಂದ ಕಾಪಾಡಬೇಕಾಯ್ತು ನೋಡು" ಎಂದು ಫೋನಿನಲ್ಲಿ ನಕ್ಕರು.

ಆ ನಗುವಿನ ಹಿಂದೆ ಒಂದು ಆತಂಕವೂ ಇತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ಮನೆಮನೆಯಲ್ಲೂ ನಿದ್ದೆ ಇರಲಿಲ್ಲ. ಕಾಲುವೆ ನಂಬಿದ ಬದುಕು ಒಂದು ಗೇಟಿನ ಸರಪಳಿಗೆ ತೂಗುಬಿದ್ದಿದೆ ಎಂಬುದು ಅಂದು ಎಲ್ಲರಿಗೂ ಕಂಡಿತು. ಹಾಗೆಂದು ಭತ್ತ ಬಿಟ್ಟು ಬ್ರಹ್ಮದಂಡೆ ಬೆಳೆಯಿರಿ ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ನೀರಿನ ಊರಿನಲ್ಲೂ ನೀರಿಲ್ಲದೆ ಬಾಳಬಲ್ಲ ಒಂದಷ್ಟು ಗಿಡಗಳ ಪರಿಚಯ ಇಟ್ಟುಕೊಂಡಿರುವುದು ಒಳ್ಳೆಯದು ಎನ್ನುವುದಷ್ಟೇ ನನ್ನ ಮಾತು.

ವಿದೇಶದ ತೋಟಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಇದರ ಬಂಧುಗಳೂ ಇವೆ. ಅವುಗಳ ಚೆಂಡು ಗಾಢ ನೀಲಿ, ಥೇಟ್ ನಮ್ಮೂರಿನ ಹೊಸ ಜೀನ್ಸ್ ಬಣ್ಣ. ಕತ್ತರಿಸಿ ತಲೆಕೆಳಗಾಗಿ ತೂಗುಹಾಕಿದರೆ ಒಣಗಿಯೂ ಬಣ್ಣ ಬಿಡುವುದಿಲ್ಲವಾದ್ದರಿಂದ ಅಲ್ಲಿನ ಹೂವಿನಂಗಡಿಗಳಲ್ಲಿ ಅದಕ್ಕೆ ಬೇಡಿಕೆ. ಇಂಗ್ಲೆಂಡಿನಲ್ಲಿರುವ ಸಂಬಂಧಿಯೊಬ್ಬರು ಒಂದು ಪೊಟ್ಟಣ ಬೀಜ ತಂದುಕೊಟ್ಟಿದ್ದರು. ಕೆಲವು ಮೊಳೆತವು, ಎಲೆಯೂ ಬಂತು, ಹೂವಿನ ಮಾತಿಲ್ಲ. ಏಪ್ರಿಲಿನ ನಲವತ್ತು ಡಿಗ್ರಿ ಬಿಸಿಲಿಗೆ ಸುಟ್ಟು ಹೋದವು. ಹಿಮ ಬೀಳುವ ನಾಡಿನಲ್ಲಿ ಚಳಿಗಾಲವಿಡೀ ನೆಲದಡಿ ಮಲಗಿ ವಸಂತದಲ್ಲಿ ಏಳುವ ಗಿಡಗಳವು. ನಮ್ಮದು ಮಳೆಯಲ್ಲಿ ಹುಟ್ಟಿ, ಚಳಿಯಲ್ಲಿ ಹೂಬಿಟ್ಟು, ಬೇಸಿಗೆ ಬರುವ ಮುಂಚೆ ಬೀಜ ಚೆಲ್ಲಿ ಮುಗಿಸುತ್ತದೆ. ಬಳ್ಳಾರಿಯ ಬೇಸಿಗೆಯನ್ನು ಎದುರಿಸುವ ಜಾಣ ದಾರಿ ಬೇಸಿಗೆಯಲ್ಲಿ ಇಲ್ಲದಿರುವುದು ಎಂದು ಅದಕ್ಕೆ ತಿಳಿದಿದೆ.

ಹೊರಗಿನದೆಂಬ ಕಾರಣಕ್ಕೆ ಯಾವ ಗಿಡವನ್ನೂ ನಾನು ದೂರುವುದಿಲ್ಲ. ನಮ್ಮ ಸೀಮೆಯ ಹೊಲಗಳನ್ನು ಕೆಂಪು ಮಾಡುವ ಮೆಣಸಿನಕಾಯಿ, ಹಳದಿ ಮಾಡುವ ಸೂರ್ಯಕಾಂತಿ, ಎರಡೂ ಸಮುದ್ರ ದಾಟಿ ಬಂದವು. ಅವಿಲ್ಲದ ಬಳ್ಳಾರಿಯನ್ನು ಊಹಿಸಲಾಗದು. ಬಂದವರಿಗೆ ಜಾಗ ಕೊಟ್ಟದ್ದು ತಪ್ಪಲ್ಲ. ಇದ್ದವರ ಹೆಸರು ಮರೆತದ್ದು ನಷ್ಟ.

ಡಿಸೆಂಬರಿನ ಬೆಳಿಗ್ಗೆ ನಮ್ಮ ಮೂಲೆಯ ಗಿಡಗಳ ಹತ್ತಿರ ನಿಂತರೆ ಗುಂಯ್‌ಗುಡುವ ಸದ್ದು ಕೇಳುತ್ತದೆ. ಜೇನುಗಳು, ಚಿಟ್ಟೆಗಳು, ಹೆಸರು ಗೊತ್ತಿಲ್ಲದ ಸಣ್ಣ ಸಣ್ಣ ನೊಣಗಳು ಚೆಂಡಿನ ಸುತ್ತ ಜಾತ್ರೆ ಸೇರಿರುತ್ತವೆ. ಸೂರ್ಯಕಾಂತಿಯ ಕಾಳು ತುಂಬಲು ಜೇನು ಬೇಕು. ಬೆಳೆ ಹೂ ಬಿಡದ ತಿಂಗಳುಗಳಲ್ಲಿ ಆ ಜೇನು ಏನು ತಿನ್ನಬೇಕು? ಬದುವಿನ ಕಾಡುಹೂಗಳೇ ಅದರ ಆಹಾರ. ಬದು ಬೋಳಿಸಿ ಜೇನಿನ ಪೆಟ್ಟಿಗೆ ಬಾಡಿಗೆಗೆ ತರುವ ಸ್ಥಿತಿ ನಮ್ಮ ರೈತನಿಗೆ ಬರಬಾರದು.

ಈ ಕುಲದ ಗಿಡಗಳಿಗೂ ಸಿಹಿಗೂ ಇನ್ನೊಂದು ಸೋಜಿಗದ ನಂಟಿದೆ. ಇರಾನ್, ಸಿರಿಯಾ ಕಡೆಯ ಒಂದು ಜಾತಿಯ ಗಿಡದ ಮೇಲೆ ಉದ್ದ ಮೂತಿಯ ಒಂದು ಹುಳು ಗೂಡು ಕಟ್ಟುತ್ತದೆ. ಆ ಗೂಡು ಸಿಹಿ. 'ಶಕರ್ ತಿಘಾಲ್' ಎಂಬ ಹೆಸರಿನಲ್ಲಿ ಯುನಾನಿ ಹಕೀಮರು ಅದನ್ನು ಕೆಮ್ಮಿಗೆ ಬಳಸುತ್ತ ಬಂದಿದ್ದಾರೆ. 'ತ್ರೆಹಾಲಾ' ಎಂಬುದು ಅದರ ಇನ್ನೊಂದು ಹೆಸರು. 19ನೇ ಶತಮಾನದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲಿನ್ ಬರ್ತೆಲೋ ಅದರಿಂದ ಒಂದು ಸಕ್ಕರೆಯನ್ನು ಬೇರ್ಪಡಿಸಿ ಟ್ರೆಹಲೋಸ್ ಎಂದು ಕರೆದರು. ನೀರಿಲ್ಲದೆ ಒಣಗಿದ ಜೀವಕೋಶಗಳು ಒಡೆಯದಂತೆ ಕಾಯುವ ಗುಣ ಈ ಸಕ್ಕರೆಗಿದೆ. ಕಣ್ಣು ಒಣಗುವ ತೊಂದರೆಗೆ ಹಾಕುವ ಕೆಲವು ಹನಿಗಳಲ್ಲೂ ಇದು ಇರುತ್ತದೆ. ನಮ್ಮ ಬ್ರಹ್ಮದಂಡೆಯ ಮೇಲೆ ಅಂಥ ಗೂಡನ್ನು ನಾನು ಕಂಡಿಲ್ಲ. ಆದರೂ ಮುಳ್ಳಿನ ನಡುವೆ ಸಿಹಿ ಇರುತ್ತದೆಂದು ಮೊದಲು ಕಂಡುಕೊಂಡ ಆ ಹಕೀಮರ ಕಣ್ಣಿಗೆ ಸಲಾಂ ಹೇಳಬೇಕು ಅನಿಸುತ್ತದೆ. ಅವರಾದರೂ ಹೆಸರು ಕೇಳಿ ಔಷಧಿ ಕೊಟ್ಟವರಲ್ಲ. ಗಿಡ ನೋಡಿ, ಮುಟ್ಟಿ, ಕಾದು ಕೊಟ್ಟವರು.

ಎಲ್ಲರೂ ಮೆಚ್ಚಿದರು ಎನ್ನಲಾರೆ. ಮನೆಯ ಮುಂದೆ ಮುಳ್ಳಿನ ಗಿಡ ಇದ್ದರೆ ಮನೆಯಲ್ಲಿ ಜಗಳ ಎಂದು ಹೇಳಿದವರಿದ್ದಾರೆ. ನಮ್ಮ ಮನೆಯಲ್ಲಿ ಮುಳ್ಳಿನ ಗಿಡ ಬರುವ ಮುಂಚೆಯೂ ಜಗಳ ಇತ್ತು ಎಂದರೆ ನಕ್ಕು ಸುಮ್ಮನಾಗುತ್ತಾರೆ. ಚಿಕ್ಕ ಮಕ್ಕಳಿಗೆ ಚುಚ್ಚೀತೆಂಬ ಮಾತು ಮಾತ್ರ ನಿಜ. ಅದಕ್ಕಾಗಿ ಓಡಾಡುವ ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ, ಗೋಡೆಯ ಮೂಲೆಯಲ್ಲಿ ಹಾಕಿ, ಮುಂದೆ ಒಂದು ಸಾಲು ಇಟ್ಟಿಗೆ ಇಟ್ಟಿದ್ದೇನೆ. ಹೊಲದವರ ದೂರೂ ನ್ಯಾಯವೇ. ಬೀಜ ಚೆಲ್ಲಿದರೆ ಕಳೆಯಾಗುತ್ತದೆ. ಆದ್ದರಿಂದ ಹೂ ಮುಗಿದು ಚೆಂಡು ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಎರಡನ್ನು ಬಿಟ್ಟು ಉಳಿದವನ್ನು ಕತ್ತರಿಸಿಬಿಡಬೇಕು. ಬಿಟ್ಟ ಎರಡಕ್ಕೆ ಬಟ್ಟೆಯ ಚೀಲ ಕಟ್ಟಿದರೆ ಮುಂದಿನ ವರ್ಷದ ಬೀಜ ಅದರಲ್ಲೇ ಬೀಳುತ್ತದೆ. ಒಣಗಿದ ಗಿಡವನ್ನು ಬುಡಸಮೇತ ತೆಗೆದು ಸುಟ್ಟರೆ ಆ ವರ್ಷದ ಕೆಲಸ ಮುಗಿಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಿಜವಾದ ಬ್ರಹ್ಮದಂಡೆಗೂ ವೈದ್ಯದಲ್ಲಿ ಸ್ಥಾನವಿದೆ ಎಂಬ ಕಾರಣಕ್ಕೆ ಅದನ್ನೂ ಮನೆಯಲ್ಲಿ ಕುದಿಸಿ ಕುಡಿಯುವುದು ಸರಿಯಲ್ಲ. ಎಷ್ಟು, ಯಾರಿಗೆ, ಯಾವಾಗ ಎಂಬುದು ಅದನ್ನು ಓದಿದ ವೈದ್ಯರ ಕೆಲಸ. ನಾನು ಬೆಳೆಸುವುದು ಔಷಧಿಗೆಂದಲ್ಲ, ಗುರುತಿಗೆಂದು. ಕಾಂಡ ಮುರಿದಾಗ ಹಳದಿ ಹಾಲು ಬಂದರೆ ಅದು ದತ್ತೂರಿ. ಎಲೆಯ ಅಡಿ ಬೆಳ್ಳಗೆ, ನವಿರಾಗಿದ್ದು, ತುದಿಯಲ್ಲಿ ಮುಳ್ಳಿನ ಚೆಂಡಿದ್ದರೆ ಅದು ಬ್ರಹ್ಮದಂಡೆ. ಈ ಎರಡು ಸಾಲು ನಮ್ಮ ಬೀದಿಯ ಮಕ್ಕಳಿಗೆಲ್ಲ ಬಾಯಿಪಾಠ. ಆ ಲಾರಿಯ ಹುಡುಗ ಈಗ ಆದೋನಿಯ ತನ್ನ ಗೆಳೆಯರಿಗೂ ಇದನ್ನು ಹೇಳಿಕೊಡುತ್ತಾನಂತೆ, ತೆಲುಗಿನಲ್ಲಿ.

ಬೀಜ ಬೇಕಾದವರು ಕೇಳಬಹುದು. ಪೊಟ್ಟಣದ ಮೇಲೆ ಬ್ರಹ್ಮದಂಡೆ, ಊಂಟ್‌ಕಟಾರಾ, ಉಷ್ಟ್ರಕಂಟಕ ಎಂದು ಮೂರೂ ಹೆಸರು ಬರೆದು ಕೊಡುತ್ತೇನೆ. ಹೆಸರಿನ ಜೊತೆ ಗಿಡವೂ ಹೋಗಬೇಕು ಎನ್ನುವುದೊಂದೇ ನನ್ನ ಷರತ್ತು. ಅಂಗಳದ ಒಂದು ಬರಡು ಮೂಲೆ, ಒಂದು ಜೊತೆ ಜೀನ್ಸ್ ಕೈಗವಸು, ಮಳೆಗಾಲದಲ್ಲಿ ನಾಲ್ಕು ಚೊಂಬು ನೀರು, ಇಷ್ಟರಲ್ಲಿ ಒಂದು ಹೆಸರು ತನ್ನ ಅರ್ಥ ಉಳಿಸಿಕೊಳ್ಳುವುದಾದರೆ ಅದು ದುಬಾರಿಯಲ್ಲ.